ಗೃಹಕೃತ್ಯದಲ್ಲಿ ‘ಸಾಕು’ ಎಂಬ ಮಾತು

ಶಹಾಬಾದಿನ ಫರಸಿಕಲ್ಲನ್ನು ಕಾಣದ ಕನ್ನಡಿಗರು ವಿರಳ. ಪಡಸಾಲೆಗೆ, ಅಡಿಗೆಮನೆಗೆ, ಬಚ್ಚಲಿಗೆ, ಗುಡಿಯ ಅಂಗಳಕ್ಕೆ ಹಾಸಲು ನಮ್ಮ ಹಿರಿಯರು ಈ ಕಲ್ಲನ್ನೇ ತರಿಸಿದರು. ಭಂಕೂರವು ಈ ಕಲ್ಲಿನ ಸೀಮೆಗೆ ಸೇರಿದ ಊರು. ಹಿಂದೆ ಚಿತ್ತಾಪುರ ತಾಲೂಕಿನಲ್ಲಿದ್ದುದು ಈಗ ಶಹಾಬಾದ ತಾಲೂಕಿನಲ್ಲಿರುವುದು. ಇಲ್ಲಿ ನೆಲದ ಅಡಿಯಲ್ಲಿ ಸುಣ್ಣದ ಕಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿರುವುದು. ಅದೇ ಜಾತಿಯ ಕಲ್ಲನ್ನು ಪುಡಿಮಾಡಿ, ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಸುಟ್ಟು, ವಾಡಿ ಸೇಡಂ ಕಡೆಯ ಕಾರ್ಖಾನೆಗಳು ಸಿಮೆಂಟು ಮಾಡುವವು. ಕಾಲಕೆಳಗೆ ಕಲ್ಲು, ಗಾಳಿಯಲ್ಲಿ ಕಲ್ಲಿನ ಪುಡಿ, ಬೀದಿಯಲ್ಲಿ ಕಲ್ಲು ಹೊತ್ತ ಲಾರಿ. ಇಂಥ ಸೀಮೆಯಲ್ಲಿ ಮನೆಯನ್ನು ಚೊಕ್ಕಟವಾಗಿಡುವುದೆಂದರೇನು ಎಂಬುದೇ ಇಂದಿನ ನಮ್ಮ ವಿಚಾರ.

ಈ ಕಲ್ಲಿಗೆ ತನ್ನದೇ ಆದ ಸ್ವಭಾವವೊಂದುಂಟು. ಸುಣ್ಣದ ಕಲ್ಲಾದಕಾರಣ ಅದು ಹುಳಿಯನ್ನು ಸಹಿಸದು. ನಿಂಬೆಯ ರಸವಾಗಲಿ ಹುಣಸೆಯ ನೀರಾಗಲಿ ಬಿದ್ದು ಬಹಳ ಹೊತ್ತು ನಿಂತರೆ ಮೇಲ್ಮೈ ಸವೆದು ಬಿಳಿಚಿದ ಕಲೆ ಉಳಿಯುವುದು. ಆ ಕಲೆಯನ್ನು ಅಳಿಸಲೇಬೇಕೆಂದು ಹಟತೊಟ್ಟು ಅಂಗಡಿಯ ಆಸಿಡ್ಡನ್ನು ಸುರಿದರೆ ಕಲ್ಲು ಬುರುಬುರು ನೊರೆಗಟ್ಟುವುದು. ಆ ನೊರೆಯೊಡನೆ ಹರಿದುಹೋಗುವುದು ಕಲೆಯಲ್ಲ, ಕಲ್ಲಿನ ಮೈ. (ಅದೇ ಆಸಿಡ್ಡಿಗೆ ಬ್ಲೀಚಿಂಗ್ ಪುಡಿಯನ್ನೂ ಕೂಡಿಸಿದರೆ ಕ್ಲೋರಿನ್ ಎಂಬ ವಿಷವಾಯು ಏಳುವುದೆಂಬುದನ್ನು ಎಲ್ಲ ಗೃಹಿಣಿಯರೂ ಅರಿತಿರತಕ್ಕದ್ದು, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಕ್ಕೇ ಎರವಾದೀತು.) ಸೀಳಿದ ಫರಸಿಯ ಮೇಲ್ಮೈ ಹುಟ್ಟಿನಿಂದಲೇ ತುಸು ಒರಟು, ಬಣ್ಣದಲ್ಲಿ ಒಂದು ಹಾಸಿನಂತೆ ಇನ್ನೊಂದಿಲ್ಲ. ಅದನ್ನು ಅಮೃತಶಿಲೆಯ ಕನ್ನಡಿಯನ್ನಾಗಿ ಮಾಡಹೊರಟವಳಿಗೆ ಸೊಂಟನೋವಲ್ಲದೆ ಬೇರೆ ಫಲ ದೊರೆಯದು. ಬೆಚ್ಚಗಿನ ನೀರು, ಸ್ವಲ್ಪ ಸಾಬೂನು, ಒರಸುವ ಬಟ್ಟೆ ಇಷ್ಟೇ ಅದಕ್ಕೆ ಬೇಕಾದುದು.

ಇನ್ನು ಧೂಳಿನ ಮಾತು. ಬೆಳಿಗ್ಗೆ ಗುಡಿಸಿ ಒರಸಿದ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬೆರಳಾಡಿಸಿದರೆ ಗೆರೆ ಮೂಡುವುದು. ಬೇಸಗೆಯ ಗಾಳಿ ಎದ್ದಿತೆಂದರೆ ಹೇಳತಕ್ಕದ್ದೇ ಬೇಡ. ಇದನ್ನು ಕಂಡು ಮತ್ತೆ ಒರಸುವವರಿದ್ದಾರೆ, ಸಂಜೆಗೆ ಮೂರನೆಯ ಸಲ ಒರಸುವವರೂ ಇದ್ದಾರೆ. ಒಂದು ಸಲಕ್ಕೆ 15 ಲೀಟರಿನ ಎರಡು ಬಕೀಟು ನೀರೆಂದು ಹಿಡಿದರೂ ದಿನಕ್ಕೆ ಮೂರು ಸಲದಂತೆ ತಿಂಗಳಿಗೆ 2,700 ಲೀಟರು ನೀರು ನೆಲಕ್ಕೇ ಹೋಯಿತು. ನಲ್ಲಿಯ ನೀರಿಗಾಗಿ ಕಾದು ಕುಳಿತು ಕೊಡ ತುಂಬುವ ಸೀಮೆಯಲ್ಲಿ ಇದು ಸಣ್ಣ ಲೆಕ್ಕವಲ್ಲ. ಒಣಗಸಬರಿಗೆಯಿಂದ ಬಿರುಸಾಗಿ ಗುಡಿಸಿದರೆ ಧೂಳು ಎದ್ದು ಶ್ವಾಸಕೋಶವನ್ನು ಸೇರುವುದು, ಉಳಿದುದು ಅರ್ಧ ಗಳಿಗೆಯಲ್ಲಿ ಮತ್ತೆ ನೆಲಕ್ಕಿಳಿಯುವುದು. ಆದಕಾರಣ ಲಾರಿಗಳ ಬೀದಿಯ ಕಡೆಯ ಕಿಟಕಿಯನ್ನು ಹೊತ್ತರಿತು ಮುಚ್ಚಿ, ಬಾಗಿಲಲ್ಲಿ ಗೋಣಿತಟ್ಟು ಹಾಸಿ, ಒದ್ದೆಬಟ್ಟೆಯಿಂದ ದಿನಕ್ಕೊಮ್ಮೆ ಒರಸಿ ಕೈತೊಳೆದುಕೊಳ್ಳುವುದೇ ಲೇಸು. ಮಧ್ಯಾಹ್ನದ ಧೂಳು ನಾಳೆಯ ಬೆಳಿಗ್ಗೆಯವರೆಗೆ ಇರಲಿ. ಮನೆಯಲ್ಲಿ ಉಬ್ಬಸದವರಿದ್ದರೆ ಮಾತ್ರ ಅವರು ಮಲಗುವ ಕೋಣೆಯನ್ನು ಸಂಜೆ ಇನ್ನೊಮ್ಮೆ ಒರಸಬೇಕು.

ಹೀಗೆಂದರೆ ಕೆಲವು ಸೋದರಿಯರು ಹುಬ್ಬು ಗಂಟಿಕ್ಕಬಹುದು. “ಅತ್ತಿಯವರು ಏನೆಂದಾರು? ಬೀಗರು ಬಂದರೆ ಏನೆಂದಾರು?” ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ನೆಲದ ಧೂಳಿಗಿಂತಲೂ ದಪ್ಪವಾಗಿ ಕುಳಿತಿರುವುದು. ಪಾಲ್ ಹೆವಿಟ್, ಗಾರ್ಡನ್ ಫ್ಲೆಟ್ ಎಂಬ ಕೆನಡಾದ ಇಬ್ಬರು ಮನಶ್ಶಾಸ್ತ್ರಜ್ಞರು 1991ರಲ್ಲಿ ಪರಿಪೂರ್ಣತೆಯ ಹಟವನ್ನು ಮೂರು ಬಗೆಯಾಗಿ ವಿಂಗಡಿಸಿದರು: ತನ್ನಿಂದ ತಾನೇ ಬಯಸುವುದು ಒಂದು, ಇತರರಿಂದ ಬಯಸುವುದು ಇನ್ನೊಂದು, ಇತರರು ತನ್ನಿಂದ ಬಯಸುತ್ತಿರುವರೆಂದು ಭಾವಿಸಿ ಬೇಯುವುದು ಮೂರನೆಯದು. ನಮ್ಮ ಗೃಹಿಣಿಯರನ್ನು ಹೆಚ್ಚಾಗಿ ಕಾಡುವುದು ಈ ಮೂರನೆಯದೇ ಎಂದು ನಮ್ಮ ಅಭಿಪ್ರಾಯ. ಎರಡನೆಯದರ ಪೆಟ್ಟು ಮಾತ್ರ ಮಕ್ಕಳ ಮೇಲೆ ಬೀಳುವುದು. ಹಾಸಿದ ಚಾದರವನ್ನು ಮಗು ಸುಕ್ಕುಮಾಡಿತೆಂದು ತಾಯಿ ಗದರುವಳು. ಮಗು ಮಂಚವನ್ನೇ ಬಿಟ್ಟು ಬೀದಿಗೆ ಹೋಗುವುದು. ಮಗಳು ಮಡಚಿಟ್ಟ ಸೀರೆಯನ್ನು ತಾಯಿ ಅವಳ ಎದುರಿಗೇ ಬಿಚ್ಚಿ ಮತ್ತೆ ಮಡಚುವಳು. ಮರುದಿನದಿಂದ ಮಗಳು ಸೀರೆಯನ್ನು ಮುಟ್ಟಳು. ಆಮೇಲೆ “ನನಗೆ ಯಾರೂ ಕೈಗೂಡಿಸುವುದಿಲ್ಲ” ಎಂದು ಅದೇ ತಾಯಿ ಕಣ್ಣೀರಿಡುವಳು. ಇದನ್ನು ಕಂಡವರು ನಾವು ಮಾತ್ರವೇ ಅಲ್ಲ, ಓದುತ್ತಿರುವ ಪ್ರತಿಯೊಬ್ಬರೂ ಕಂಡಿರುವರು.

ಗೃಹಕೃತ್ಯಕ್ಕೆ ತಗಲುವ ಹೊತ್ತನ್ನು ಸರಕಾರವೇ ಎಣಿಸಿದೆ. 2019ರಲ್ಲಿ ನಡೆದ ರಾಷ್ಟ್ರೀಯ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ಕೊಟ್ಟರು. ಪುರುಷರಲ್ಲಿ ಅದಕ್ಕೆ ಕೈಹಚ್ಚಿದವರೇ ಕಡಮೆ, ಹಚ್ಚಿದವರೂ ಕೊಟ್ಟುದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಸ್ತ್ರೀಯರ ಲೆಕ್ಕವು 289 ನಿಮಿಷಕ್ಕೆ ಇಳಿಯಿತು. ಐದು ವರ್ಷಗಳಲ್ಲಿ ಉಳಿದುದು ಹತ್ತು ನಿಮಿಷ! ಮಿಕ್ಸರು, ಕುಕ್ಕರು, ಬಟ್ಟೆ ಒಗೆಯುವ ಯಂತ್ರ ಇವೆಲ್ಲ ಬಂದರೂ ಹೊತ್ತು ಏಕೆ ಉಳಿಯದು? ಅಮೆರಿಕದ ಜೋನ್ ವಾನೆಕ್ ಎಂಬ ಸಂಶೋಧಕಿ 1974ರಲ್ಲಿ ತನ್ನ ದೇಶದ ಲೆಕ್ಕವನ್ನು ತೆಗೆದು ತೋರಿಸಿದಳು. ಹೊರಗಿನ ಉದ್ಯೋಗವಿಲ್ಲದ ಗೃಹಿಣಿಯು 1924ರಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದಳು. ಯಂತ್ರಗಳೆಲ್ಲ ಮನೆಸೇರಿದ 1960ರ ದಶಕದಲ್ಲಿ 55 ಗಂಟೆ. ರೂತ್ ಶ್ವಾರ್ಟ್ಸ್ ಕೋವನ್ ಎಂಬ ಇತಿಹಾಸಕಾರಳು 1983ರ ತನ್ನ ಗ್ರಂಥದಲ್ಲಿ ಕಾರಣವನ್ನು ವಿವರಿಸಿದಳು: ಯಂತ್ರ ಬಂದೊಡನೆ ಅಪೇಕ್ಷೆಯೂ ಏರಿತು. ವಾರಕ್ಕೊಮ್ಮೆ ಒಗೆಯುತ್ತಿದ್ದ ಅಂಗಿಯನ್ನು ಈಗ ದಿನಾಲೂ ಒಗೆಯಬೇಕಾಯಿತು. ಹಿಂದೆ ಗಂಡಸರೂ ಮಕ್ಕಳೂ ಆಳುಗಳೂ ಹಂಚಿಕೊಳ್ಳುತ್ತಿದ್ದ ಕೆಲಸ ಗೃಹಿಣಿಯೊಬ್ಬಳ ಪಾಲಿಗೆ ಬಂದಿತು. ಭಂಕೂರದ ಮನೆಗೂ ಈ ಮಾತು ಸಲ್ಲದೆಂದು ನಾವು ಹೇಳಲಾರೆವು.

ನಮ್ಮ ಹಿಂದಿನ ಮನೆಗಳ ಅಚ್ಚುಕಟ್ಟಿಗೆ ಮುಖ್ಯ ಕಾರಣ ಹೆಂಗಸರ ಅತಿಶಯವಾದ ನೈಪುಣ್ಯವಲ್ಲ, ಸಾಮಾನುಗಳ ಕಡಮೆ. ಗೋಡೆಯ ದಪ್ಪದಲ್ಲಿ ಬಿಟ್ಟ ಮಾಡಗಳಲ್ಲಿ ದೀಪವೂ ಎಣ್ಣೆಯ ಬಟ್ಟಲೂ ಇದ್ದವು. ಮೇಲಿಂದ ಇಳಿಬಿಟ್ಟ ನೆಲವಿನಲ್ಲಿ ಹಾಲು ಮೊಸರಿನ ಗಡಿಗೆ. ಒಂದು ಸಂದೂಕದಲ್ಲಿ ಹಬ್ಬದ ಬಟ್ಟೆ. ಮೂಲೆಯಲ್ಲಿ ಮಡಚಿ ಪೇರಿಸಿದ ಕೌದಿಗಳು, ನೀರಿನ ಹರವಿ, ಜೋಳದ ಚೀಲ. ಪ್ರತಿ ವಸ್ತುವಿಗೂ ಒಂದೇ ಸ್ಥಳ. ಕತ್ತಲಲ್ಲಿಯೂ ಕೈಹಾಕಿ ತೆಗೆಯಬಹುದಾಗಿತ್ತು. ಈಗಿನ ಕಪಾಟಿನಲ್ಲಿ ಮುಚ್ಚಳವಿಲ್ಲದ ಡಬ್ಬಿ ಹತ್ತು, ಡಬ್ಬಿಯಿಲ್ಲದ ಮುಚ್ಚಳ ಹದಿನಾಲ್ಕು. ಮದುವೆಯಲ್ಲಿ ಬಂದ ಸ್ಟೀಲಿನ ಪಾತ್ರೆಗಳು ಹೆಸರು ಕೆತ್ತಿಸಿಕೊಂಡು ಅಟ್ಟದ ಮೇಲೆ ನಿದ್ರಿಸುತ್ತಿರುವವು. ಅವನ್ನು ವರ್ಷಕ್ಕೆರಡು ಸಲ ಇಳಿಸಿ, ತಿಕ್ಕಿ, ಒರಸಿ, ಮತ್ತೆ ಏರಿಸುವುದಕ್ಕೆ ಗೃಹಕೃತ್ಯವೆಂದು ಹೆಸರು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ವಾಚಕರು ಬಲ್ಲರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಅವಳ ಪತಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ತಂದನಂತೆ. ಲಕ್ಕಮ್ಮನು ಹೆಚ್ಚಿನದನ್ನು ಒಯ್ದು ಅಲ್ಲಿಯೇ ಸುರಿದು ಬರಹೇಳಿದಳಂತೆ. ಈ ಕಥೆಯನ್ನು ಭಕ್ತಿಯ ದೃಷ್ಟಿಯಿಂದ ಹೇಳುವುದು ವಾಡಿಕೆ. ಅವಳ ಗುಡಿಸಲಲ್ಲಿ ಮರುದಿನ ಅಟ್ಟ ಒರಸುವ ಕೆಲಸವಿರಲಿಲ್ಲವೆಂಬುದನ್ನು ಮಾತ್ರ ನಾವು ಇಲ್ಲಿ ಗಮನಿಸುತ್ತೇವೆ.

ಪರಿಪೂರ್ಣತೆಯ ಹಟವು ಮನೆಯನ್ನು ಚೊಕ್ಕಟವಾಗಿಡುವುದೆಂಬ ಭಾವನೆಯೇ ತಪ್ಪು. ಎಷ್ಟೋ ಸಲ ಅದೇ ಮನೆಯನ್ನು ಕೆಡಿಸುವುದು. “ಕಪಾಟನ್ನು ತೆಗೆದರೆ ಪೂರ್ತಿ ತೆಗೆಯಬೇಕು, ಅದಕ್ಕೆ ಒಂದು ಇಡೀ ದಿನ ಬೇಕು” ಎಂದುಕೊಂಡವಳಿಗೆ ಆ ಇಡೀ ದಿನ ಎಂದೂ ಒದಗಿಬಾರದು. ಕಪಾಟು ಹಾಗೆಯೇ ಉಳಿಯುವುದು. ರೊಟ್ಟಿಯ ಹಂಚು ಕಾಯುವಷ್ಟರಲ್ಲಿ ಒಂದು ಹಲಗೆಯನ್ನು ಮಾತ್ರ ನೋಡಿ, ಬೇಡದ ಎರಡು ವಸ್ತುಗಳನ್ನು ತೆಗೆದು, ಬಾಗಿಲು ಮುಚ್ಚಿದವಳ ಕಪಾಟು ತಿಂಗಳೊಪ್ಪತ್ತಿನಲ್ಲಿ ತಾನಾಗಿ ಹಗುರಾಗುವುದು. ಬುಟ್ಟಿಗಳ ಉಪಯೋಗವನ್ನೂ ಇಲ್ಲಿ ಹೇಳಬೇಕು. ಒಗೆದ ಬಟ್ಟೆಗೆ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬುಟ್ಟಿಯಿರಲಿ. ಚಡ್ಡಿ ಬನೀನುಗಳನ್ನು ಮಡಚದೆಯೇ ಅದರಲ್ಲಿ ಹಾಕಬಹುದು. ಬನೀನು ಮಡಿಕೆಯಿಂದ ಹೆಚ್ಚು ಬೆಚ್ಚಗಾಗದು. ಶಾಲೆಯ ಚೀಲಕ್ಕೆ ಮಗುವಿನ ಕೈಗೆಟಕುವ ಗೂಟ, ಕಾಗದಪತ್ರಗಳಿಗೆ ಒಂದೇ ಪೆಟ್ಟಿಗೆ: ರೇಶನ್ ಕಾರ್ಡು, ಪಹಣಿ, ಆಸ್ಪತ್ರೆಯ ಚೀಟಿ ಎಲ್ಲವೂ ಅದರಲ್ಲಿಯೇ. ಅದರೊಳಗೆ ಕ್ರಮವಿಲ್ಲದಿದ್ದರೂ ಚಿಂತೆಯಿಲ್ಲ. ಹುಡುಕುವವನು ಒಂದು ಪೆಟ್ಟಿಗೆಯನ್ನಷ್ಟೇ ಹುಡುಕುವನು.

ಜಪಾನಿನ ಮಾರೀ ಕೊಂಡೋ ಎಂಬವಳ ಹೆಸರನ್ನು ಕೆಲವರು ಕೇಳಿರಬಹುದು. ಮನೆಯನ್ನು ಓರಣಗೊಳಿಸುವ ಕುರಿತು ಅವಳು 2011ರಲ್ಲಿ ಬರೆದ ಪುಸ್ತಕವು ಅನೇಕ ಭಾಷೆಗಳಿಗೆ ಪರಿವರ್ತಿತವಾಗಿ ಲಕ್ಷಾಂತರ ಪ್ರತಿಗಳು ಮಾರಿದವು. ಮೂರನೆಯ ಮಗು ಹುಟ್ಟಿದ ಮೇಲೆ, 2023ರಲ್ಲಿ, ತನ್ನ ಮನೆಯಲ್ಲಿ ಆ ಓರಣವನ್ನು ಬಹಳಮಟ್ಟಿಗೆ ಬಿಟ್ಟುಕೊಟ್ಟಿರುವೆನೆಂದೂ ಈಗ ಮಕ್ಕಳೊಡನೆ ಕಳೆಯುವ ಹೊತ್ತೇ ತನಗೆ ಮುಖ್ಯವೆಂದೂ ಅವಳೇ ತಿಳಿಸಿದಳು. ಇದನ್ನು ಕೇಳಿ ನಕ್ಕವರು ಹಲವರು. ನಾವಾದರೋ ಅವಳ ಮೇಲಿನ ಗೌರವವನ್ನು ಹೆಚ್ಚಿಸಿಕೊಂಡೆವು. ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಎಂಬವನೂ 1953ರಷ್ಟು ಹಿಂದೆಯೇ, ಮಗುವಿಗೆ ಬೇಕಾದವಳು ಕೊರತೆಯೇ ಇಲ್ಲದ ತಾಯಿಯಲ್ಲ, ಸಾಕಷ್ಟು ಒಳ್ಳೆಯ ತಾಯಿ ಎಂಬ ಅರ್ಥದಲ್ಲಿ ಬರೆದಿದ್ದನು.

ಆದರೆ ‘ಸಾಕು’ ಎನ್ನಬಾರದ ಕೆಲಸಗಳೂ ಉಂಟು. ಇವುಗಳಲ್ಲಿ ನಾವು ಎಳ್ಳಷ್ಟೂ ಸಡಿಲಿಸಲು ಒಪ್ಪೆವು. ನೀರು ಬಿಟ್ಟುಬಿಟ್ಟು ಬರುವ ಊರಿನಲ್ಲಿ ಡ್ರಮ್ಮು ತುಂಬಿಡದೆ ವಿಧಿಯಿಲ್ಲ. ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯು ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುವುದು. ಮೊಟ್ಟೆಯೊಡೆದು ರೆಕ್ಕೆಯ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆಗಳು ನೀರಿನ ಮಟ್ಟದ ಬಳಿ ಪಾತ್ರೆಯ ಗೋಡೆಗೆ ಅಂಟಿಕೊಂಡಿದ್ದು, ಒಣಗಿದರೂ ಸಾಯದೆ, ಮತ್ತೆ ನೀರು ತಗಲಿದಾಗ ಒಡೆಯುವವು. ಆದಕಾರಣ ವಾರಕ್ಕೊಮ್ಮೆ ಡ್ರಮ್ಮನ್ನು ಬರಿದುಮಾಡಿ ಒಳಗೋಡೆಯನ್ನು ನಾರಿನಿಂದ ಉಜ್ಜಬೇಕು. ಉಳಿದ ದಿನಗಳಲ್ಲಿ ಬಿಗಿಯಾಗಿ ಮುಚ್ಚಿರಬೇಕು. ಹಿತ್ತಾಳೆಯ ತಂಬಿಗೆ ಬಂಗಾರದಂತೆ ಹೊಳೆಯುತ್ತಿದ್ದು ಡ್ರಮ್ಮಿನಲ್ಲಿ ಹುಳ ಕುಣಿಯುತ್ತಿದ್ದ ಮನೆಗಿಂತ, ತಂಬಿಗೆ ಮಾಸಿ ಡ್ರಮ್ಮು ಚೊಕ್ಕಟವಾಗಿದ್ದ ಮನೆ ಎಷ್ಟೋ ಮೇಲು. ಕುಡಿಯುವ ನೀರಿನ ಕೊಡಕ್ಕೆ ಹಿಡಿಯುಳ್ಳ ಸವಟು, ಅನ್ನಕ್ಕೆ ಕೈಹಚ್ಚುವ ಮೊದಲು ಸಾಬೂನು, ಪಾತ್ರೆ ಒರಸುವ ಅರಿವೆಯನ್ನು ದಿನಾಲೂ ಬಿಸಿಲಿಗೆ ಹಾಕುವುದು, ಪಾಯಿಖಾನೆಯ ಶುಚಿ, ಔಷಧಿಯನ್ನೂ ಆಸಿಡ್ಡನ್ನೂ ಮಕ್ಕಳಿಗೆ ಎಟುಕದಂತಿಡುವುದು: ಇವು ನಿತ್ಯವಿಧಿಗಳು. ಇವುಗಳಿಗೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು. ನೆಲ ಹೊಳೆಯಿಸಿ ದಣಿದ ಕೈ ಇವುಗಳಿಗೆ ಉಳಿಯುವುದಿಲ್ಲವೆಂಬುದೇ ನಮ್ಮ ದೂರು.

ವರ್ಷದ ಕೆಲಸವನ್ನು ವರ್ಷಕ್ಕೆ ಬಿಡುವ ಜಾಣತನ ನಮ್ಮ ಹಿರಿಯರಲ್ಲಿತ್ತು. ಮಹಾನವಮಿಗೆ ಮುಂಚೆ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೋ ಹಳ್ಳಕ್ಕೋ ಒಯ್ದು ಒಗೆಯುವ ಪದ್ಧತಿ ಉತ್ತರ ಕರ್ನಾಟಕದಲ್ಲೆಲ್ಲ ಇದ್ದಿತು. ಓಣಿಯ ಹೆಂಗಸರೆಲ್ಲರೂ ಕೂಡುವರು, ಗಂಡಸರು ಗಂಟು ಹೊರುವರು, ಮಕ್ಕಳು ನೀರಾಡುವರು, ಬಂಡೆಯ ಮೇಲೆ ಕೌದಿಗಳು ಒಣಗುವಷ್ಟರಲ್ಲಿ ರೊಟ್ಟಿಯ ಬುತ್ತಿ ಬಿಚ್ಚುವರು. ಆ ಒಂದು ದಿನದ ಬಲದ ಮೇಲೆ ಉಳಿದ ತಿಂಗಳುಗಳಲ್ಲಿ ಯಾರೂ ಕೌದಿಯ ಅಂಚನ್ನು ಹಿಡಿದು ಪರೀಕ್ಷಿಸುತ್ತಿರಲಿಲ್ಲ. ಈಗಲೂ ಜೇಡ ತೆಗೆಯುವುದು, ಅಟ್ಟ ಇಳಿಸುವುದು, ಪರದೆ ಒಗೆಯುವುದು ಇವನ್ನು ದಸರೆಗೊಂದು ಸಲ, ಯುಗಾದಿಗೊಂದು ಸಲ ಇಟ್ಟುಕೊಂಡರೆ ನಡುವಿನ ಭಾನುವಾರಗಳು ಬಿಡುವಾಗುವವು. ಆ ದಿನ ಮನೆಯ ಗಂಡುಮಕ್ಕಳಿಗೂ ಕಸಬರಿಗೆ ಕೊಡಬೇಕು. ಅವರು ಬಾಗಿಲ ಹಿಂದೆ ಗುಡಿಸದೆ ಬಿಟ್ಟುದನ್ನು ನೋಡಿಯೂ ನೋಡದಂತಿರುವುದು ತಾಯಂದಿರಿಗೆ ಕಷ್ಟವೇ ಸರಿ. ನೋಡಿದರೆ ಮಾತ್ರ ಮುಂದಿನ ಸಲ ಕಸಬರಿಗೆ ಮರಳಿ ತಾಯಿಯ ಕೈಗೇ ಬರುವುದು.

ಬೀಗರ ಮಾತನ್ನು ಮರೆತೆವೆಂದು ಯಾರೂ ಎಣಿಸಬಾರದು. ಸೇಡಮಿನಿಂದಲೋ ಚಿಂಚೋಳಿಯಿಂದಲೋ ಹೇಳದೆ ಕೇಳದೆ ಅವರು ಬಂದಾಗ, ಮಂಚದ ಮೇಲಿನ ಬಟ್ಟೆಯನ್ನು ಬುಟ್ಟಿಗೆ ಸರಿಸಿ, ಕಾಲಿಗೆ ನೀರು ಕೊಟ್ಟು, ಕುಡಿಯಲು ತಣ್ಣನೆಯ ಹರವಿಯ ನೀರು ತರಬೇಕು. ಮೇ ತಿಂಗಳ ಬಿಸಿಲಿನಲ್ಲಿ ಆ ಸೀಮೆಯ ಹಾದಿಯನ್ನು ನಡೆದು ಬಂದವರು ಮೊದಲು ನೋಡುವುದು ತಂಬಿಗೆಯನ್ನು, ನೆಲವನ್ನಲ್ಲ.