ಕಾಫಿಯೂ ಅದರ ಒಡನಾಡಿ ತಿಂಡಿಗಳೂ

ಭಕ್ಷ್ಯಕ್ಕೆ ತಕ್ಕ ಪಾನೀಯವನ್ನು ಆರಿಸುವ ವಿವೇಚನೆ ಎಲ್ಲ ದೇಶಗಳಲ್ಲಿಯೂ ಉಂಟು. ಇಟಲಿಯ ವಾಯವ್ಯ ಭಾಗದಲ್ಲಿ ಗಾವಿ ಎಂಬ ಊರಿನ ಸುತ್ತ ಕೊರ್ತೇಸೆ ಎಂಬ ಬಿಳಿಯ ದ್ರಾಕ್ಷಿಯಿಂದ ಮಾಡುವ ವೈನಿಗೆ ತಿಳಿಯಾದ ಹುಳಿಯೇ ಜೀವಾಳ. ನೆರೆಯ ಲಿಗೂರಿಯದ ಕಡಲತೀರದ ಜನರು ಅದನ್ನು ಮೀನಿನ ಅಡುಗೆಯೊಡನೆ ಸೇವಿಸುವರು. ನಿಂಬೆಯ ರಸವನ್ನು ಹಿಂಡಿದಂತೆ ಆ ಹುಳಿಯು ಎಣ್ಣೆಯ ಜಿಡ್ಡನ್ನು ಹಗುರಮಾಡುವುದು. ನಮ್ಮ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ಆ ಸ್ಥಾನವು ಕಾಫಿಗೆ ಸಂದಿದೆ. ಅಲ್ಲಿ ಹುಳಿ ಮಾಡುವ ಕೆಲಸವನ್ನು ಇಲ್ಲಿ ಕಹಿಯು ಮಾಡುತ್ತದೆ.

ಗಾಂಧಿಬಜಾರಿನಲ್ಲಿ ೧೯೪೩ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಗರಿಗರಿಯಾದ ಮಸಾಲೆ ದೋಸೆಯನ್ನಾಗಲಿ, ಮಲ್ಲೇಶ್ವರದ ಸಿ.ಟಿ.ಆರ್.ನ ಬೆಣ್ಣೆ ದೋಸೆಯನ್ನಾಗಲಿ ತಿಂದವರಿಗೆ ಇದರ ಅನುಭವವಿರಲೇಬೇಕು. ನಾಲಗೆಯ ಮೇಲೆ ನಿಂತ ಜಿಡ್ಡನ್ನು ಬಿಸಿಯಾದ ಕಹಿಯು ತೊಳೆಯುವುದು. ಬಿಸಿಯು ಚಟ್ನಿಯ ಖಾರವನ್ನು ಕ್ಷಣಕಾಲ ಕೆರಳಿಸಿದರೂ, ಹಾಲಿನಲ್ಲಿರುವ ಕೇಸೀನ್ ಎಂಬ ಸಾರವು ಅದನ್ನು ಶಮನಗೊಳಿಸುವುದು.

ತಿಂಡಿಯ ಕ್ರಮವೂ ಮುಖ್ಯವಾದುದೇ. ಶಂಕರಪುರದಲ್ಲಿ ೧೯೬೫ರಿಂದ ನಡೆದುಬಂದಿರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ ವಡೆಗಳಿಗೆ ಚಟ್ನಿಯೊಂದೇ ಜೊತೆ, ಸಾಂಬಾರಿಲ್ಲ. ಹುಣಿಸೆಯ ಹುಳಿಗೂ ಹಾಲು ಬೆರೆತ ಕಾಫಿಗೂ ಸ್ನೇಹ ಕಡಮೆಯಾದುದರಿಂದ ಕಾಫಿಪ್ರಿಯರಿಗೆ ಇದು ಅನುಕೂಲವೇ ಸರಿ. ಕೇಸರಿಭಾತನ್ನು ಕಡೆಗೆ ತಿಂದು ಕಾಫಿ ಕುಡಿದರೆ, ಎಷ್ಟು ಸಕ್ಕರೆ ಹಾಕಿದ್ದರೂ ಅದು ಸಪ್ಪೆಯೆನಿಸುವುದು. ಆದುದರಿಂದ ಚೌಚೌ ಭಾತ್ ತಿನ್ನುವವರು ಮೊದಲು ಸಿಹಿಯನ್ನೂ, ಆಮೇಲೆ ಖಾರವನ್ನೂ, ಕಡೆಯಲ್ಲಿ ಕಾಫಿಯನ್ನೂ ತೆಗೆದುಕೊಳ್ಳುವುದು ಲೇಸು.

ಇನ್ನು ಚಿಕೋರಿಯ ಮಾತು. ಇದು ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಇದರಿಂದ ಡಿಕಾಕ್ಷನ್ನಿಗೆ ಬಣ್ಣವೂ ಮಂದತೆಯೂ ಬರುವುವೇ ಹೊರತು ಕಾಫಿಯ ಪರಿಮಳ ಬಾರದು. ಮಿಶ್ರಣದಲ್ಲಿ ನೂರಕ್ಕೆ ೫೧ ಪಾಲಿಗೆ ಕಡಮೆಯಿಲ್ಲದಂತೆ ಕಾಫಿಯಿರಬೇಕೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಸರ್ಕಾರದ ನಿಯಮವಿದೆ. ಬೆಣ್ಣೆ ತುಪ್ಪಗಳ ತಿಂಡಿಗೆ ೮೦ಕ್ಕೆ ೨೦ರ ಮಿಶ್ರಣವು ಹಿತವಾಗಿರುವುದು. ಮೃದುವಾದ ಇಡ್ಲಿಗೆ ಚಿಕೋರಿಯನ್ನು ಇನ್ನೂ ತಗ್ಗಿಸಬಹುದು.

ಆದರೆ ನಾಲಗೆಗೆ ಒಪ್ಪಿದ ಜೋಡಿಯೆಲ್ಲವೂ ಶರೀರಕ್ಕೆ ಒಪ್ಪುವುದೆಂದು ಹೇಳಲಾಗದು. ಕಾಫಿಯಲ್ಲಿರುವ ಪಾಲಿಫೀನಾಲ್ ಎಂಬ ದ್ರವ್ಯಗಳು ಸೊಪ್ಪು, ಕಾಳು, ರಾಗಿಗಳ ಕಬ್ಬಿಣಾಂಶವನ್ನು ಹಿಡಿದಿಟ್ಟು, ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುವುವು. ಟೀಗೂ ಇದೇ ದೋಷವುಂಟು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು. ಕಾಫಿಯೊಂದನ್ನೇ ದೂರುವುದು ನ್ಯಾಯವಲ್ಲ. ಆದರೂ ಮನೆಮಂದಿಗೆಲ್ಲ ಬಡಿಸಿ, ಕಟ್ಟಕಡೆಗೆ ತಾನು ಎರಡು ತುತ್ತು ಉಂಡು, ಎಲೆ ಎತ್ತಿದೊಡನೆಯೇ ಒಂದು ಲೋಟ ಕಾಫಿಯಿಂದ ಆಯಾಸವನ್ನು ಕಳೆದುಕೊಳ್ಳುವ ಗೃಹಿಣಿಯು ಈ ವಿಷಯವನ್ನು ಅವಶ್ಯವಾಗಿ ತಿಳಿದಿರಬೇಕು. ಉಂಡ ಸೊಪ್ಪಿನ ಸತ್ತ್ವವು ಅವಳಿಗೆ ಪೂರ್ಣವಾಗಿ ದಕ್ಕದೆ ಹೋಗುವುದು.

ಕಾಫಿಯನ್ನೇ ಬಿಡಬೇಕೆಂದು ಇದರ ಅರ್ಥವಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದೆರಡು ಗಂಟೆಗಳ ಅಂತರವಿರಲಿ. ಮುದ್ದೆ, ಸೊಪ್ಪಿನ ಸಾರು, ಹೆಸರುಬೇಳೆಯ ಕೋಸಂಬರಿ ಇವುಗಳ ಜೊತೆಗೆ ನಿಂಬೆಯ ಹೋಳೊಂದು ಎಲೆಯ ಮೇಲಿರಲಿ. ಅದರಲ್ಲಿರುವ ‘ಸಿ’ ಜೀವಸತ್ತ್ವವು ಕಬ್ಬಿಣಾಂಶವನ್ನು ಶರೀರವು ಹೀರಿಕೊಳ್ಳುವುದಕ್ಕೆ ಸಹಾಯಮಾಡುವುದು. ಇಟಲಿಯವರು ವೈನಿನಲ್ಲಿ ಅರಸುವ ಹುಳಿಯು ನಮ್ಮ ಊಟಕ್ಕೆ ನಿಂಬೆಯಲ್ಲಿಯೇ ದೊರೆಯುವುದು. ಊಟಕ್ಕೆ ನಿಂಬೆ, ತಿಂಡಿಗೆ ಕಾಫಿ. ಇಷ್ಟನ್ನು ನೆನಪಿಟ್ಟರೆ ರುಚಿಯೂ ಕೆಡದು, ಆರೋಗ್ಯವೂ ಕೆಡದು.