ಬಾಟಲಿ ಒಂದೇ, ಲೆಕ್ಕ ಬೇರೆ

ಶನಿವಾರ ಸಂಜೆ ಏಳು ಗಂಟೆ. ಇಂದಿರಾನಗರ ಮೆಟ್ರೊ ನಿಲ್ದಾಣದಲ್ಲಿ ಇಳಿದು ನೂರಡಿ ರಸ್ತೆ ಹಿಡಿದರೆ ಪಬ್ಬುಗಳ ಬಾಗಿಲಲ್ಲಿ ಆಗಲೇ ಜನ ಕಾಯುತ್ತಿರುತ್ತಾರೆ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಹುಡುಗಿಯರ ಗುಂಪೊಂದು ನಗುತ್ತ ಒಳಗೆ ಹೋಗುತ್ತದೆ. ಅದೇ ನೇರಳೆ ಮಾರ್ಗದ ರೈಲಿನಲ್ಲಿ ಮುಂದುವರಿದು ಕೆ.ಆರ್. ಪುರದಲ್ಲಿ ಇಳಿದರೆ ನೋಟವೇ ಬೇರೆ. ಮದ್ಯ ಮಾರುವ ಎಂಆರ್‌ಪಿ ಅಂಗಡಿಯ ಮುಂದೆ ಗಂಡಸರ ನೂಕುನುಗ್ಗಲು. ಗಾರೆ ಕೆಲಸ ಮುಗಿಸಿ ಬಂದ ಹೆಂಗಸು ಕೌಂಟರಿನ ಹತ್ತಿರ ಸುಳಿಯುವುದಿಲ್ಲ. ಜೊತೆಯ ಆಳಿನ ಕೈಗೆ ದುಡ್ಡು ಕೊಟ್ಟು, ತೊಂಬತ್ತು ಎಂ.ಎಲ್‌.ನ ಟೆಟ್ರಾ ಪ್ಯಾಕ್ ತರಿಸಿಕೊಂಡು, ಸೆರಗಿನಲ್ಲಿ ಮುಚ್ಚಿ ಶೆಡ್ಡಿನ ಕಡೆ ನಡೆಯುತ್ತಾಳೆ.

ಮೊದಲನೆಯವರನ್ನು ಕಂಡವರು ‘ಕಾಲ ಕೆಟ್ಟುಹೋಯ್ತು’ ಎನ್ನುತ್ತಾರೆ. ಎರಡನೆಯವಳ ಮಾತು ಬಂದರೆ ‘ಪಾಪ, ಮೈಕೈ ನೋವು, ಒಂಚೂರು ಹಾಕ್ಕೊಳ್ತಾಳೆ’ ಎಂದು ಸುಮ್ಮನಾಗುತ್ತಾರೆ. ಬೈಗುಳ ಒಬ್ಬರಿಗೆ, ಮರುಕ ಇನ್ನೊಬ್ಬರಿಗೆ. ಕುಡಿದದ್ದು ಮೈಯೊಳಗೆ ಏನು ಮಾಡುತ್ತದೆ ಎಂಬುದನ್ನು ಮಾತ್ರ ಇಬ್ಬರಿಗೂ ಯಾರೂ ಕೂತು ಹೇಳುವುದಿಲ್ಲ.

ದಂಡಿಗೆ ಬಂದ ಬಿಯರ್

ಬೆಂಗಳೂರಿನ ಈ ಭಾಗಕ್ಕೆ ಬಿಯರ್ ನಿನ್ನೆ ಮೊನ್ನೆ ಬಂದದ್ದಲ್ಲ. 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿತು. ಸೋಲ್ಜರುಗಳಿದ್ದ ಕಡೆ ಬಿಯರೂ ಬೇಕಾಯಿತು. 1885ರ ಬೆಂಗಳೂರು ಬ್ರೂಯಿಂಗ್ ಕಂಪನಿಯೂ ಸೇರಿದಂತೆ ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ, ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಆಗ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಪಟಾಲಮ್ಮುಗಳಿಗೆ ಹೋಗುತ್ತಿದ್ದವು. ಹಳೆಯ ಬ್ರೂವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ. 1980ರ ದಶಕದಲ್ಲಿ ಊರಿಗೆ ‘ಪಬ್ ಸಿಟಿ’ ಎಂಬ ಹೆಸರು ಅಂಟಿತು. 2010ರಲ್ಲಿ ನೂರಡಿ ರಸ್ತೆಯಲ್ಲಿ ‘ಟಾಯ್ಟ್’ ಬಾಗಿಲು ತೆರೆದ ಮೇಲೆ, ಬಿಯರನ್ನು ಅಲ್ಲೇ ಹುದುಗಿಸಿ ಅಲ್ಲೇ ಬಡಿಸುವ ಬ್ರೂ ಪಬ್ಬುಗಳು ಸಾಲುಗಟ್ಟಿದವು.

ಇಷ್ಟು ವರ್ಷ ಗಂಡಸು ಕುಡಿದದ್ದು ಸುದ್ದಿಯಾಗಲಿಲ್ಲ. ಹೆಣ್ಣು ಅದೇ ಮೇಜಿಗೆ ಬಂದು ಕೂತಾಗ ಗಲಾಟೆಯಾಯಿತು. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿದ ಗುಂಪು ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆಯಿತು. ದೇಶವೆಲ್ಲ ಅದನ್ನು ಟೀವಿಯಲ್ಲಿ ನೋಡಿತು. ಒಬ್ಬರ ಲೋಟದಲ್ಲಿ ಏನಿರಬೇಕೆಂದು ತೀರ್ಮಾನಿಸುವ ಅಧಿಕಾರ ಕೈ ಎತ್ತುವವರಿಗೆ ಇಲ್ಲ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲೆ ನಡೆದ ಚರ್ಚೆಯೆಲ್ಲ ಸಂಸ್ಕೃತಿ, ಸ್ವಾತಂತ್ರ್ಯ, ಮರ್ಯಾದೆಗಳ ಸುತ್ತಲೇ ಗಿರಕಿ ಹೊಡೆಯಿತು. ಹೆಣ್ಣಿನ ಲಿವರಿನ ಬಗ್ಗೆ ಯಾರಾದರೂ ಮಾತಾಡಿದ್ದನ್ನು ಕೇಳಿದ ನೆನಪಿಲ್ಲ.

ಒಂದು ಸ್ಟ್ರಾಂಗ್, ನಾಲ್ಕು ಪೆಗ್

‘ಬಿಯರ್ ತಾನೇ, ಅದೇನು ಎಣ್ಣೆಯಾ?’ ಎನ್ನುವ ಮಾತು ಕೆಲಸದವರ ಶೆಡ್ಡಿನಲ್ಲೂ ಕೇಳುತ್ತದೆ, ಏರ್ ಕಂಡಿಷನ್ ಕೋಣೆಯಲ್ಲೂ ಕೇಳುತ್ತದೆ. ಲೆಕ್ಕ ಹಾಕಿ ನೋಡೋಣ. ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಆಲ್ಕೊಹಾಲ್ ಸಾಮಾನ್ಯವಾಗಿ ಶೇ 42.8. ಅಂದರೆ 30 ಎಂ.ಎಲ್‌.ನ ಒಂದು ಸ್ಮಾಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೊಹಾಲ್. ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂ.ಎಲ್. ಬಾಟಲಿಯಲ್ಲಿ ಸುಮಾರು 41 ಗ್ರಾಂ. ಒಂದು ಬಾಟಲಿ ಸ್ಟ್ರಾಂಗ್ ಇಳಿಸಿದವರು ನಾಲ್ಕು ಸ್ಮಾಲ್ ಪೆಗ್ ಹೊಡೆದ ಹಾಗೆಯೇ. ಶೇ 5ರ ಮೈಲ್ಡ್ ಬಾಟಲಿಯಾದರೆ ಎರಡೂವರೆ ಪೆಗ್. ಬ್ರೂ ಪಬ್ಬಿನ ಅರ್ಧ ಲೀಟರ್ ಮಗ್ಗಿನಲ್ಲಿ ಎರಡು ಪೆಗ್. ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಹೋದ ಆ ತೊಂಬತ್ತರ ಪ್ಯಾಕಿನಲ್ಲಿ ಮೂರು. ಬಣ್ಣ, ನೊರೆ, ಬೆಲೆ ಏನೇ ಇರಲಿ, ಮೈಗೆ ಸಿಗುವುದು ಈ ಗ್ರಾಂಗಳು ಮಾತ್ರ.

ಇನ್ನು ಮೈಯ ಲೆಕ್ಕ. ಆಲ್ಕೊಹಾಲ್ ದೇಹದ ನೀರಿನಲ್ಲಿ ಹರಡಿಕೊಳ್ಳುತ್ತದೆ, ಕೊಬ್ಬಿನಲ್ಲಿ ಅಷ್ಟಾಗಿ ಸೇರುವುದಿಲ್ಲ. ಗಂಡಸಿನ ತೂಕದಲ್ಲಿ ಶೇ 60ರಷ್ಟು ನೀರಿದ್ದರೆ ಹೆಂಗಸಿನಲ್ಲಿ ಶೇ 50ರ ಆಸುಪಾಸು. ತೂಕವೂ ಸಾಮಾನ್ಯವಾಗಿ ಕಡಿಮೆ. ಒಂದು ಚಮಚ ಉಪ್ಪನ್ನು ದೊಡ್ಡ ಪಾತ್ರೆಯ ಸಾರಿಗೆ ಹಾಕುವುದಕ್ಕೂ ಚಿಕ್ಕ ಪಾತ್ರೆಗೆ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು. ಇನ್ನೊಂದು ಸಂಗತಿ 1990ರಲ್ಲಿ ಪ್ರಕಟವಾದ ಅಧ್ಯಯನದಿಂದ ಗೊತ್ತಾಯಿತು: ಆಲ್ಕೊಹಾಲನ್ನು ಹೊಟ್ಟೆಯಲ್ಲೇ ಒಡೆಯಲು ಶುರುಮಾಡುವ ಕಿಣ್ವ ಹೆಂಗಸರ ಜಠರದಲ್ಲಿ ಕಡಿಮೆ ಕೆಲಸ ಮಾಡುತ್ತದೆ. ಹಾಗಾಗಿ ಅಷ್ಟೇ ಕುಡಿದರೂ ರಕ್ತಕ್ಕೆ ಸೇರುವುದು ಹೆಚ್ಚು. ‘ನಾನೂ ಅವನಷ್ಟೇ ಕುಡಿದೆ’ ಎನ್ನುವ ಸಮಾನತೆ ಮೇಜಿನ ಮೇಲೆ ಇರಬಹುದು, ರಕ್ತದೊಳಗೆ ಇರುವುದಿಲ್ಲ.

ಎದೆಯಿಂದ ಲಿವರ್‌ವರೆಗೆ

ಬೆಂಗಳೂರಿನ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದು. ಕಿದ್ವಾಯಿ ಸಂಸ್ಥೆ ದಶಕಗಳಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿ ಇದನ್ನೇ ಹೇಳುತ್ತದೆ. ಅದಕ್ಕೆ ಕಾರಣಗಳು ಹಲವು. ವಂಶ, ವಯಸ್ಸು, ತಡವಾದ ಹೆರಿಗೆ, ಬೊಜ್ಜು ಇವೆಲ್ಲದರ ಪಟ್ಟಿಯಲ್ಲಿ ಮದ್ಯವೂ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಆಲ್ಕೊಹಾಲ್ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಮೇಲಾಗಿ ಮದ್ಯ ಈಸ್ಟ್ರೋಜೆನ್ ಹಾರ್ಮೋನನ್ನೂ ಏರಿಸುತ್ತದೆ. 53 ಅಧ್ಯಯನಗಳನ್ನು ಒಟ್ಟುಗೂಡಿಸಿದ 2002ರ ವರದಿಯ ಪ್ರಕಾರ ದಿನಕ್ಕೆ 10 ಗ್ರಾಂ ಹೆಚ್ಚಾದಂತೆಲ್ಲ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಶೇ 7ರಷ್ಟು ಏರುತ್ತದೆ. ಹತ್ತು ಗ್ರಾಂ ಅಂದರೆ ಒಂದೇ ಸ್ಮಾಲ್ ಪೆಗ್.

ಲಿವರಿನ ಕಥೆ ಇನ್ನೂ ಅವಸರದ್ದು. ಗಂಡಸಿಗಿಂತ ಕಡಿಮೆ ಕುಡಿದು, ಕಡಿಮೆ ವರ್ಷಗಳಲ್ಲೇ ಹೆಂಗಸಿಗೆ ಸಿರೋಸಿಸ್ ಬರಬಹುದು. ಚಟ ಅಂಟುವ ದಾರಿಯೂ ಹಾಗೆಯೇ. ಮೊದಲ ಲೋಟದಿಂದ ಕೈನಡುಕದವರೆಗಿನ ಹಾದಿಯನ್ನು ಆಕೆ ಬೇಗ ಮುಗಿಸಿಬಿಡುತ್ತಾಳೆ. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅಂಥ ಮೈಗೆ ಮದ್ಯ ಸೇರಿದರೆ, ರಕ್ತ ಕಟ್ಟಲು ಬೇಕಾದ ಫೋಲೇಟ್ ಸಹ ಸೋರಿಹೋಗುತ್ತದೆ. ಮೈಕೈ ನೋವಿಗೆಂದು ಕುಡಿದವಳಿಗೆ ಮರುದಿನ ಸುಸ್ತು, ಆ ಸುಸ್ತಿಗೆ ಮತ್ತೆ ತೊಂಬತ್ತು. ನಿದ್ದೆಗೆಂದು ಕುಡಿದವಳಿಗೂ ನಡುರಾತ್ರಿ ಎಚ್ಚರವಾಗುವುದು ತಪ್ಪುವುದಿಲ್ಲ. ಮದ್ಯ ಬೇಗ ಮಲಗಿಸುತ್ತದೆ, ಆಮೇಲೆ ನಿದ್ದೆಯನ್ನು ಚೂರುಮಾಡುತ್ತದೆ.

ಬಾಣಂತಿಗೆ ಬ್ರಾಂದಿ

ನಮ್ಮಲ್ಲಿ ಇನ್ನೊಂದು ಕುಡಿತವಿದೆ. ಅದನ್ನು ಯಾರೂ ಕುಡಿತ ಎನ್ನುವುದಿಲ್ಲ. ಥಂಡಿ ಆಗಬಾರದೆಂದು ಬಾಣಂತಿಗೆ ಒಂದು ಮುಚ್ಚಳ ಬ್ರಾಂದಿ ಕೊಡುವ ಪದ್ಧತಿ ಹಲವು ಮನೆಗಳಲ್ಲಿ ಇತ್ತು, ಕೆಲವೆಡೆ ಈಗಲೂ ಇದೆ. ಕೊಡುವವರು ಮದ್ಯದ ಅಂಗಡಿಯ ಮುಖ ನೋಡದ ಅಜ್ಜಿಯರು. ಅವರ ಅಕ್ಕರೆಯ ಬಗ್ಗೆ ಅನುಮಾನವಿಲ್ಲ. ಆದರೆ ತಾಯಿಯ ರಕ್ತದಲ್ಲಿರುವಷ್ಟೇ ಆಲ್ಕೊಹಾಲ್ ಎದೆಹಾಲಿನಲ್ಲೂ ಇರುತ್ತದೆ. ಹಾಲು ಹೆಚ್ಚುತ್ತದೆ ಎಂಬ ನಂಬಿಕೆಗೆ ವಿರುದ್ಧವಾಗಿ, ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನನ್ನು ಅದು ತಡೆಯುತ್ತದೆ.

ಬಸುರಿಯ ವಿಷಯದಲ್ಲಿ ವೈದ್ಯಶಾಸ್ತ್ರಕ್ಕೆ ಗೊಂದಲವೇ ಇಲ್ಲ. ಆಲ್ಕೊಹಾಲ್ ಕರುಳಬಳ್ಳಿಯ ಮೂಲಕ ಸೀದಾ ಮಗುವಿಗೆ ಹೋಗುತ್ತದೆ, ಅದನ್ನು ಒಡೆಯಬಲ್ಲ ಲಿವರ್ ಮಗುವಿಗೆ ಇನ್ನೂ ಬೆಳೆದಿರುವುದಿಲ್ಲ. ಹುಟ್ಟುವ ಮಗುವಿನ ಮುಖಚಹರೆ, ಬೆಳವಣಿಗೆ, ಮಿದುಳಿಗೆ ಆಗುವ ಈ ಹಾನಿಗೆ 1973ರಲ್ಲಿ ಅಮೆರಿಕದ ವೈದ್ಯರು ‘ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಬಸುರಾಗಿರುವುದು ಗೊತ್ತಾಗುವ ಮೊದಲಿನ ವಾರಗಳೇ ಅತಿ ಸೂಕ್ಷ್ಮ. ಮಗು ಬೇಕೆಂದುಕೊಂಡ ದಿನದಿಂದಲೇ ಬಿಡುವುದು ಕ್ಷೇಮ. ಗೊತ್ತಿಲ್ಲದೆ ಕುಡಿದಿದ್ದರೆ ಗಾಬರಿಯಾಗದೆ ಅಲ್ಲಿಗೇ ನಿಲ್ಲಿಸಿ, ಶಿವಾಜಿನಗರದ ಘೋಷಾ ಆಸ್ಪತ್ರೆಯೋ ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಯೋ, ತಪಾಸಣೆಗೆ ಹೋಗುವ ಕಡೆ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.

ಕುಡಿಯದೆಯೂ ಪೆಟ್ಟು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಮದ್ಯ ಸೇವಿಸುವ ಗಂಡಸರು ಶೇ 18.8, ಹೆಂಗಸರು ಶೇ 1.3. ನಮ್ಮ ಹೆಂಗಸರಿಗೆ ಮದ್ಯದಿಂದ ಆಗುವ ಕೇಡಿನ ದೊಡ್ಡ ಪಾಲು ಮನೆಗೆ ಬರುವುದು ಗಂಡನ ಜೊತೆ. ಗಂಡ ಆಗಾಗ ಅಮಲೇರಿ ಬರುವ ಮನೆಗಳಲ್ಲಿ ಶೇ 70ರಷ್ಟು ಹೆಂಡತಿಯರು ದೈಹಿಕ ಅಥವಾ ಲೈಂಗಿಕ ಹಿಂಸೆ ಉಂಡಿದ್ದಾರೆ ಎನ್ನುತ್ತದೆ ಅದೇ ಸಮೀಕ್ಷೆ. ಗಂಡ ಕುಡಿಯದ ಮನೆಗಳಲ್ಲಿ ಅದು ಶೇ 23. ಸಾರಾಯಿ ನಿಲ್ಲಿಸಿ ಎಂದು ಹಳ್ಳಿ ಹಳ್ಳಿಗಳಲ್ಲಿ ಬೀದಿಗಿಳಿದವರೂ ಹೆಂಗಸರೇ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದು ಕೂತವು.

ಆ ಶೇ 1.3ರ ಅಂಕಿಯನ್ನೂ ಹುಷಾರಾಗಿ ಓದಬೇಕು. ಮನೆ ಬಾಗಿಲಿಗೆ ಬಂದ ಸಮೀಕ್ಷೆಯವರ ಮುಂದೆ, ಅತ್ತೆ ಪಕ್ಕದಲ್ಲೇ ನಿಂತಿರುವಾಗ ‘ಹೌದು, ಕುಡಿಯುತ್ತೇನೆ’ ಎನ್ನುವ ಹೆಣ್ಣು ಎಲ್ಲಿದ್ದಾಳೆ? ಅದೇ ನಾಚಿಕೆ ಆಸ್ಪತ್ರೆಯಲ್ಲೂ ಬಾಯಿ ಕಟ್ಟುತ್ತದೆ. ಕುಡಿತ ಬಿಡಿಸಲು ಗಂಡನನ್ನು ಕರೆದುಕೊಂಡು ಬರುವ ಹೆಂಡತಿಯರು ಉಂಟು, ಹೆಂಡತಿಯನ್ನು ಕರೆದುಕೊಂಡು ಬರುವ ಗಂಡಂದಿರು ವಿರಳ. ಆಕೆ ಬರುವಷ್ಟರಲ್ಲಿ ಕಾಯಿಲೆ ಬಲಿತಿರುತ್ತದೆ. ಮರ್ಯಾದೆಯ ಹೆಸರಲ್ಲಿ ನಾವು ಹೊರಿಸಿದ ಭಾರ ಕೊನೆಗೆ ಬೀಳುವುದು ಅವಳ ಲಿವರಿನ ಮೇಲೆ.

ಸರ್ಕಾರದ ಕಡೆಯಿಂದಲೂ ಒಂದು ಕೆಲಸ ಬಾಕಿ ಇದೆ. 2019ರ ಏಪ್ರಿಲ್‌ನಿಂದ ಬಾಟಲಿಗಳ ಮೇಲೆ ಕಡ್ಡಾಯವಾಗಿರುವ ಎಚ್ಚರಿಕೆ ಎರಡೇ ಮಾತು ಹೇಳುತ್ತದೆ: ಮದ್ಯ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ. ಬಸುರಿಯರಿಗೆ ಒಂದು ಮಾತಿಲ್ಲ, ಕ್ಯಾನ್ಸರಿನ ಸುದ್ದಿಯಿಲ್ಲ. ಅಮೆರಿಕದಲ್ಲಿ ಬಸುರಿಯರಿಗೆ ಎಚ್ಚರಿಕೆ ಮುದ್ರಿಸಬೇಕೆಂಬ ಕಾನೂನು 1988ರಲ್ಲೇ ಬಂದಿದೆ. ಇಲ್ಲಿ ಅದು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರಲಿ.

ಸುರಕ್ಷಿತ ಅಳತೆ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ಶುರುಮಾಡಲು ಕಾರಣವಿಲ್ಲ. ಕುಡಿಯುವವರು ಗ್ರಾಂ ಲೆಕ್ಕ ಹಾಕಿ ಇಳಿಸುತ್ತ ಬಂದಷ್ಟೂ ಲಾಭ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಮಾತ್ರ ಒಮ್ಮೆಲೇ ನಿಲ್ಲಿಸಬಾರದು. ನಡುಕ, ಫಿಟ್ಸ್, ಭ್ರಮೆ ಕಾಣಿಸಿ ಜೀವಕ್ಕೇ ಅಪಾಯವಾಗಬಹುದು, ವೈದ್ಯರ ಆಸರೆ ಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮನೆಯಿಂದಲೇ ಮಾತಾಡುವುದಾದರೆ ಟೆಲಿ ಮಾನಸ್ ಸಹಾಯವಾಣಿ 14416. ಕರೆ ಉಚಿತ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.