ಮೊದಲ ವೆಬ್‌ಸೈಟಿಗೆ ಯಾವ ಸಾಫ್ಟ್‌ವೇರ್?

ಮಕ್ಕಳೇ, ನಿಮ್ಮ ಶಾಲೆಯ ವಿಜ್ಞಾನ ಕ್ಲಬ್ಬಿನಿಂದ ಊರಿನ ಸುರಂಗಗಳ ಬಗ್ಗೆ ಒಂದು ಪ್ರಾಜೆಕ್ಟ್ ಮಾಡಿದ್ದೀರಿ ಅಂತ ಇಟ್ಟುಕೊಳ್ಳಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ಈ ಸುರಂಗಗಳು ನಮ್ಮ ಕಾಸರಗೋಡಿನಲ್ಲೂ ಪಕ್ಕದ ದಕ್ಷಿಣ ಕನ್ನಡದಲ್ಲೂ ಇವೆ. ನೀವು ಉದ್ದ ಅಳೆದಿದ್ದೀರಿ. ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕು ಅಂತ ಗಡಿಯಾರ ಹಿಡಿದು ನೋಡಿದ್ದೀರಿ. ಸುರಂಗ ತೋಡಿದ ಅಜ್ಜಂದಿರು ಹೇಳಿದ್ದನ್ನು ಬರೆದುಕೊಂಡಿದ್ದೀರಿ. ಈಗ ಇದನ್ನು ವೆಬ್‌ಸೈಟಿನಲ್ಲಿ ಹಾಕ್ಬೇಕು.

ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಹುಡುಕಿದ್ರೆ ಹತ್ತಾರು ಹೆಸರು ಬರುತ್ತವೆ. ಎಲ್ಲವೂ "ಉಚಿತ", ಎಲ್ಲವೂ "ಸುಲಭ". ಹಾಗಾದ್ರೆ ಆರಿಸುವುದು ಹೇಗೆ? ಚಂದ ನೋಡಿ ಆರಿಸಬೇಡಿ. ಎರಡು ಪ್ರಶ್ನೆ ಕೇಳಿ: ನಾನು ಬರೆದ ಕನ್ನಡ ಅಲ್ಲಿ ಕನ್ನಡವಾಗಿಯೇ ಉಳಿಯುತ್ತದಾ? ನಾಳೆ ಅಲ್ಲಿಂದ ಹೊರಟರೆ ನನ್ನ ಬರಹವನ್ನು ಜೊತೆಗೆ ಒಯ್ಯಬಹುದಾ?

ವೆಬ್‌ಸೈಟ್ ಅಂದ್ರೆ ಏನು?

ವೆಬ್‌ಸೈಟ್ ಅಂದ್ರೆ ಮೂಲತಃ ಕೆಲವು ಫೈಲುಗಳು. ಯಾವಾಗಲೂ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ, ಅಂದ್ರೆ ಸರ್ವರಿನಲ್ಲಿ, ಆ ಫೈಲುಗಳು ಇರುತ್ತವೆ. ನಿಮ್ಮ ಫೋನಿನ ಬ್ರೌಸರ್ ಕೇಳುತ್ತದೆ, ಸರ್ವರ್ ಕಳಿಸುತ್ತದೆ. ಫೈಲಿನ ಒಳಗಿರುವುದು ಎಚ್‌ಟಿಎಂಎಲ್ ಎಂಬ ಬರಹ. ಇದು ಶೀರ್ಷಿಕೆ, ಇದು ಪ್ಯಾರಾ, ಇಲ್ಲಿ ಚಿತ್ರ ಬರಬೇಕು ಎಂದು ಗುರುತು ಹಾಕಿದ ಸಾಮಾನ್ಯ ಅಕ್ಷರಗಳು, ಅಷ್ಟೇ.

ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಹಾಗಾಗಿ ಪುಟ ಬರೆಯಲು ನೀವು ಯಾರಿಗೂ ದುಡ್ಡು ಕೊಡಬೇಕಿಲ್ಲ, ಯಾರ ಅಪ್ಪಣೆಯೂ ಬೇಡ.

ಒಂದು ವೆಬ್‌ಸೈಟಿಗೆ ಬೇಕಾದದ್ದು ಮೂರು: ಫೈಲು, ಅದನ್ನು ಇಡುವ ಜಾಗ, ಜನ ಹುಡುಕಿಕೊಂಡು ಬರಲು ವಿಳಾಸ. ಕೆಲವು ಸಾಫ್ಟ್‌ವೇರ್ ಫೈಲು ಮಾಡಿಕೊಡುತ್ತವೆ, ಜಾಗ ನೀವು ಹುಡುಕಿಕೊಳ್ಳಬೇಕು. ಕೆಲವು ಮೂರನ್ನೂ ಒಟ್ಟಿಗೆ ಕೊಡುತ್ತವೆ. ಒಟ್ಟಿಗೆ ಸಿಕ್ಕಿದ್ದನ್ನು ಬೇರೆ ಬೇರೆ ಮಾಡಲು ಆಗುತ್ತದಾ ಅಂತ ಮೊದಲೇ ನೋಡಿಕೊಳ್ಳಬೇಕು.

ಮೂರು ದಾರಿಗಳು

ಮೊದಲನೆಯದು, ಕೈಯಲ್ಲೇ ಬರೆಯುವುದು. ವಿಂಡೋಸಿನ ನೋಟ್‌ಪ್ಯಾಡ್ ಸಾಕು. ಕೇರಳದ ಶಾಲಾ ಲ್ಯಾಬಿನಲ್ಲಿ ಕೈಟ್ ಸಂಸ್ಥೆ ಕೊಟ್ಟ ಉಬುಂಟು ಇದ್ದರೆ ಅದರ ಟೆಕ್ಸ್ಟ್ ಎಡಿಟರ್ ಸಾಕು. ಶೀರ್ಷಿಕೆ, ಪ್ಯಾರಾ, ಚಿತ್ರ, ಕೊಂಡಿ, ಇಷ್ಟರ ಗುರುತುಗಳನ್ನು ಒಂದೆರಡು ಪೀರಿಯಡ್‌ನಲ್ಲಿ ಕಲಿಯಬಹುದು. ನೆಟ್ ಇಲ್ಲದಿದ್ರೂ ಕೆಲಸ ನಡೆಯುತ್ತದೆ. ಪುಟ ಸಿದ್ಧವಾದ ಮೇಲೆ ಗಿಟ್‌ಹಬ್ ಪೇಜಸ್‌ನಂಥ ಕಡೆ ಉಚಿತವಾಗಿ ಇಡಬಹುದು. ತೊಂದರೆ ಏನು? ಬಣ್ಣ, ವಿನ್ಯಾಸ ಎಲ್ಲ ನೀವೇ ಕಲಿತು ಮಾಡಬೇಕು. ಮೊದಲ ಪುಟ ಸಪ್ಪೆಯಾಗಿ ಕಾಣುತ್ತದೆ.

ಎರಡನೆಯದು, ಎಳೆದು ಇಡುವ ಬಗೆ. ಗೂಗಲ್ ಸೈಟ್ಸ್, ವಿಕ್ಸ್ ಈ ಜಾತಿಯವು. ಚಿತ್ರವನ್ನು ಮೌಸಿನಿಂದ ಎಳೆದು ಬೇಕಾದಲ್ಲಿ ಬಿಟ್ಟರೆ ಆಯ್ತು. ಗೂಗಲ್ ಖಾತೆ ಇದ್ದರೆ ಗೂಗಲ್ ಸೈಟ್ಸ್ ಉಚಿತ, ಜಾಹೀರಾತಿಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ಎರಡೇ ದಿನ ಉಳಿದಿದ್ರೆ ಇದೇ ವಾಸಿ. ವಿಕ್ಸ್‌ನಲ್ಲಿ ವಿನ್ಯಾಸಗಳು ಹೆಚ್ಚು, ಆದರೆ ಉಚಿತ ಪುಟದಲ್ಲಿ ಅದರದೇ ಜಾಹೀರಾತು ಬರುತ್ತದೆ. ಅಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿ ಬೇರೆ ಸರ್ವರಿನಲ್ಲಿ ಇಡಲು ಆಗುವುದಿಲ್ಲ.

ಮೂರನೆಯದು ವರ್ಡ್‌ಪ್ರೆಸ್. 2003ರಲ್ಲಿ ಶುರುವಾದ ಸ್ವತಂತ್ರ ತಂತ್ರಾಂಶ ಇದು. ಯಾರು ಬೇಕಾದ್ರೂ ಇಳಿಸಿಕೊಂಡು ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಅದೇ ಹೆಸರಿನಲ್ಲಿ, ಸರ್ವರಿನ ಚಿಂತೆ ಇಲ್ಲದೆ ಬಳಸುವ ಸೇವೆಯೂ ಇದೆ. ಎರಡೂ ಒಂದೇ ಅಲ್ಲ, ಗಮನಿಸಿ. ಹತ್ತು ಮಂದಿ ವರ್ಷವಿಡೀ ಬರೆಯುವ ಶಾಲಾ ಪತ್ರಿಕೆಗೆ ವರ್ಡ್‌ಪ್ರೆಸ್ ಚೆನ್ನಾಗಿ ಒಗ್ಗುತ್ತದೆ. ಬರಹಗಳನ್ನೆಲ್ಲ ಒಂದು ಫೈಲಾಗಿ ಹೊರಗೆ ತೆಗೆಯುವ ಸೌಲಭ್ಯ ಅದರಲ್ಲಿದೆ. ಆದರೆ ನಿಮ್ಮದೇ ಸರ್ವರಿನಲ್ಲಿ ಹಾಕಿದ್ರೆ ಆಗಾಗ ಅಪ್‌ಡೇಟ್ ಮಾಡ್ತಾ ಇರಬೇಕು, ಇಲ್ಲದಿದ್ರೆ ಹ್ಯಾಕರುಗಳು ನುಗ್ಗುತ್ತಾರೆ. ಐದು ಪುಟದ ಪ್ರಾಜೆಕ್ಟಿಗೆ ಇಷ್ಟು ರಗಳೆ ಬೇಡ.

ಕನ್ನಡದ ಪರೀಕ್ಷೆ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯುನಿಕೋಡ್ ಎಂಬ ಏರ್ಪಾಡಿನಲ್ಲಿ ಪ್ರಪಂಚದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಕನ್ನಡಕ್ಕೆ ಮೀಸಲಿಟ್ಟದ್ದು 3200ರಿಂದ 3327ರವರೆಗಿನ 128 ಸ್ಥಾನಗಳು. "ಕನ್ನಡ" ಎಂಬ ಪದ ಕಂಪ್ಯೂಟರಿನ ಒಳಗೆ 3221, 3240, 3277, 3240, 3233 ಎಂದು ಇರುತ್ತದೆ: ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ನಡುವಿನ ಆ 3277 ಬಂದದ್ದರಿಂದಲೇ ಎರಡನೇ ನ ಒತ್ತಾಗಿ ಕೆಳಗೆ ಹೋಗುತ್ತದೆ. ಕಾಸರಗೋಡಿನಲ್ಲಿ ಟೈಪ್ ಮಾಡಿದ್ರೂ ಸೊಲ್ಲಾಪುರದಲ್ಲಿ ಓದಿದ್ರೂ ಸಂಖ್ಯೆ ಅವೇ.

ಹಳೆಯ ಕನ್ನಡ ಫಾಂಟುಗಳಲ್ಲಿ ಹೀಗಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದರು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದ್ರೆ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಶಾಲೆಯ ಹಳೆ ಕಡತಗಳು ಹೀಗಿದ್ದರೆ ಮೊದಲು ಯುನಿಕೋಡಿಗೆ ಬದಲಾಯಿಸಿ, ಆಮೇಲೆ ಹಾಕಿ. ಕೈಯಲ್ಲಿ ಬರೆಯುವವರು ಫೈಲನ್ನು ಯುಟಿಎಫ್-8 ರೂಪದಲ್ಲಿ ಉಳಿಸಿ, ಪುಟದ ತಲೆಭಾಗದಲ್ಲೂ ಅದನ್ನೇ ನಮೂದಿಸಿ.

ಯಾವ ಸಾಫ್ಟ್‌ವೇರ್ ಆದ್ರೂ ಈ ಮೂರು ಪರೀಕ್ಷೆ ಮಾಡಿ:

1. ಶೀರ್ಷಿಕೆಯಲ್ಲಿ "ಸ್ತ್ರೀ", "ರಾಷ್ಟ್ರ", "ಸೂರ್ಯ" ಎಂದು ಬರೆಯಿರಿ. ಮನೆಯಲ್ಲಿರುವ ಹಳೇ ಫೋನಿನಲ್ಲಿ ತೆರೆದು ನೋಡಿ. ಒತ್ತಕ್ಷರ ಒಡೆದಿದೆಯಾ? ಮೇಲೆ ಕೆಳಗೆ ಕತ್ತರಿಸಿ ಹೋಗಿದೆಯಾ?

2. ಪುಟದಿಂದ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ. ಅದೇ ಸಾಲು ಬರಬೇಕು.

3. ಬ್ರೌಸರಿನಲ್ಲೇ "ಸುರಂಗ" ಎಂದು ಹುಡುಕಿ. ಪುಟದಲ್ಲಿರುವ ಪದ ಸಿಗಬೇಕು.

ಪೋಸ್ಟರ್ ಮಾಡಿ ಬರಹವನ್ನು ಚಿತ್ರವಾಗಿ ಹಾಕಿದ್ರೆ ಎರಡನೆಯದೂ ಮೂರನೆಯದೂ ಫೇಲ್. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸಾಫ್ಟ್‌ವೇರಿಗೂ ಅದು ಬರಹವಲ್ಲ, ಬರೀ ಚಿತ್ರ. ಡೇಟಾ ಲೆಕ್ಕವನ್ನೂ ನೋಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಖ್ಯೆಗೆ 3 ಬೈಟ್ ಬೇಕು, ಅಂದ್ರೆ "ಕನ್ನಡ" ಪದಕ್ಕೆ 15 ಬೈಟ್. ಈ ಇಡೀ ಲೇಖನ 25 ಕಿಲೋಬೈಟಿನ ಆಸುಪಾಸು. ಫೋನಿನಲ್ಲಿ ತೆಗೆದ ಒಂದು ಫೋಟೋ 3 ಮೆಗಾಬೈಟ್ ಇದ್ದರೆ ಅದು ಇಂಥ ನೂರಕ್ಕೂ ಹೆಚ್ಚು ಲೇಖನಕ್ಕೆ ಸಮ. ಫೋಟೋವನ್ನು ಚಿಕ್ಕದು ಮಾಡಿ ಹಾಕಿ.

ಹೊರಡುವ ದಾರಿ

ಅಮೆರಿಕದಲ್ಲಿ ಜಿಯೋಸಿಟೀಸ್ ಎಂಬ ಸೇವೆ 1994ರಲ್ಲಿ ಶುರುವಾಯಿತು. ಸಾಮಾನ್ಯ ಜನ ಅಲ್ಲಿ ಲಕ್ಷಗಟ್ಟಲೆ ಪುಟ ಮಾಡಿದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಸ್ವಯಂಸೇವಕರು ಓಡಾಡಿ ಒಂದಷ್ಟನ್ನು ನಕಲು ಮಾಡಿ ಉಳಿಸಿದರು. ತಮ್ಮ ಫೈಲು ತಮ್ಮ ಹತ್ತಿರ ಇಟ್ಟುಕೊಂಡಿದ್ದವರು ಬೇರೆ ಕಡೆ ಹೋಗಿ ಮತ್ತೆ ಹಾಕಿದರು. ಉಳಿದವರ ಎಷ್ಟೋ ಪುಟಗಳು ಹಾಗೇ ಹೋದವು.

ಸುರಂಗ ತೋಡಿದ ಅಜ್ಜನ ಮಾತು ಹಾಗೆ ಹೋದ್ರೆ? ಅವರನ್ನು ಮತ್ತೆ ಕೇಳಲು ಆಗದೆಯೂ ಹೋಗಬಹುದು. ಅದಕ್ಕೇ ಮೊದಲ ದಿನವೇ, ಒಂದೇ ಪುಟ ಇರುವಾಗಲೇ, ಹೊರಡುವ ದಾರಿ ಪರೀಕ್ಷಿಸಿ. ಬರಹವನ್ನು ಇಳಿಸಿಕೊಳ್ಳುವ ಗುಂಡಿ ಎಲ್ಲಿದೆ? ಇಳಿಸಿದ ಫೈಲು ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದಾ? ಸಾಫ್ಟ್‌ವೇರ್ ಯಾವುದಾದ್ರೂ ಸರಿ, ಮೂಲ ಬರಹ ಮತ್ತು ಫೋಟೋಗಳ ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಇರಲಿ.

ಖಾತೆ ತೆರೆಯಲು ವಯಸ್ಸಿನ ನಿಯಮ ಇರುತ್ತದೆ. ಆದ್ದರಿಂದ ಟೀಚರ್ ಅಥವಾ ಮಾಷ್ಟ್ರ ಮೂಲಕ ಶಾಲೆಯ ಹೆಸರಿನಲ್ಲೇ ತೆರೆಯಿರಿ. ನೀವು ಹತ್ತನೇ ಕ್ಲಾಸು ಮುಗಿಸಿ ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಅಂತ ಆಗಬಾರದು. ಯಾರದೇ ಫೋಟೋ, ಮನೆ, ತೋಟದ ಗುರುತು ಹಾಕುವ ಮೊದಲು ಅವರನ್ನು ಕೇಳಿ. ಫೋನ್ ನಂಬರ್ ಹಾಕಲೇಬೇಡಿ.

ಕೊನೆಗೆ ಯಾವುದು?

ಸಮಯ ಇದ್ದರೆ ಮೊದಲ ಪುಟವನ್ನು ಕೈಯಲ್ಲೇ ಬರೆಯಿರಿ. ಸಪ್ಪೆ ಕಂಡರೂ ಚಿಂತೆ ಇಲ್ಲ. ಫೈಲು, ಜಾಗ, ವಿಳಾಸ ಅಂದ್ರೆ ಏನು ಅಂತ ಒಮ್ಮೆ ತಿಳಿದ ಮೇಲೆ ಬೇರೆ ಸಾಫ್ಟ್‌ವೇರ್ ಏನು ಕೊಡುತ್ತದೆ, ಏನು ಹಿಡಿದಿಟ್ಟುಕೊಳ್ಳುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಆತುರ ಇದ್ದರೆ ಗೂಗಲ್ ಸೈಟ್ಸ್. ತುಂಬಾ ಮಂದಿ, ತುಂಬಾ ಬರಹ, ನೋಡಿಕೊಳ್ಳಲು ಒಬ್ಬ ಮಾಷ್ಟ್ರು ಇದ್ದರೆ ವರ್ಡ್‌ಪ್ರೆಸ್.

ಮಾಡಿ ನೋಡಿ: ನಿಮ್ಮ ಹೆಸರಿನಲ್ಲಿ ಯುನಿಕೋಡಿನ ಎಷ್ಟು ಸಂಖ್ಯೆಗಳಿವೆ? ಗುಣಿತದ ಚಿಹ್ನೆಗೂ ಅರ್ಧಾಕ್ಷರದ ಚಿಹ್ನೆಗೂ ಒಂದೊಂದು ಎಣಿಸಿ, ಮೂರರಿಂದ ಗುಣಿಸಿ. ಹೆಸರನ್ನು ಮಾತ್ರ ನೋಟ್‌ಪ್ಯಾಡಿನಲ್ಲಿ ಬರೆದು ಯುಟಿಎಫ್-8ರಲ್ಲಿ ಉಳಿಸಿ, ಫೈಲು ಎಷ್ಟು ಬೈಟ್ ಇದೆ ನೋಡಿ. ನಿಮ್ಮ ಲೆಕ್ಕಕ್ಕಿಂತ ಒಂದು ಅಥವಾ ಮೂರು ಬೈಟ್ ಹೆಚ್ಚು ಬಂದ್ರೆ ಯಾಕಿರಬಹುದು ಅಂತ ಐಟಿ ಟೀಚರನ್ನು ಕೇಳಿ.